ಒಂದೇ ರೂಮ್, ಎರಡು ಸಲ ಖಾಲಿ: ಲಿನಕ್ಸ್‌ನ ಎಂಟು ವರ್ಷದ ಬಗ್ ಸರಿಹೋದ ಬಗೆ

ಇವತ್ತು ಒಂದು ಬಗ್ ಬಗ್ಗೆ ಮಾತಾಡೋಣ. ಅದು ಹುಟ್ಟಿದ್ದು ಜೂನ್ 2009ರಲ್ಲಿ, ಸರಿಹೋಗಿದ್ದು ಮಾರ್ಚ್ 2017ರಲ್ಲಿ. ಹತ್ತಿರ ಹತ್ತಿರ ಎಂಟು ವರ್ಷ ಲಿನಕ್ಸ್‌ನ ಹೊಟ್ಟೆಯೊಳಗೆ ಸುಮ್ಮನೆ ಕೂತಿತ್ತು. ರೆಡ್ ಹ್ಯಾಟ್, ಡೆಬಿಯನ್, ಉಬುಂಟು, ಫೆಡೋರಾ, ಸೂಸೆ ಹೀಗೆ ದೊಡ್ಡ ದೊಡ್ಡ ಹೆಸರಿನ ಲಿನಕ್ಸ್‌ಗಳಲ್ಲೆಲ್ಲ ಇತ್ತು. ಅದರ ನಂಬರ್ ಸಿವಿಇ-2017-2636. ಮಾಮೂಲಿ ಲಾಗಿನ್ ಇರೋ ಯಾರು ಬೇಕಾದರೂ ಈ ಬಗ್ ಹಿಡಿದುಕೊಂಡು ಆ ಇಡೀ ಕಂಪ್ಯೂಟರ್‌ನ ಯಜಮಾನ ಆಗಬಹುದಿತ್ತು.

"ನಮಗೇನು? ನಾವು ಫೋನ್ ಬಳಸೋರು" ಅಂತ ನೀವು ಕೇಳಬಹುದು. ನಿಮ್ಮ ಆಂಡ್ರಾಯ್ಡ್ ಫೋನ್ ಒಳಗೆ ಓಡ್ತಿರೋದೂ ಲಿನಕ್ಸ್ ಕರ್ನಲ್ಲೇ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಾವ ಆ್ಯಪ್‌ಗೆ ಎಷ್ಟು ಮೆಮೊರಿ, ಯಾರು ಯಾವ ಫೈಲ್ ಓದಬಹುದು, ಕ್ಯಾಮೆರಾ ಯಾರಿಗೆ ಸಿಗಬೇಕು, ಇದನ್ನೆಲ್ಲ ತೀರ್ಮಾನ ಮಾಡೋದು ಅದೇ. ಕ್ಯಾಮೆರಾ, ಟಚ್ ಸ್ಕ್ರೀನ್, ವೈಫೈ ಥರದ ಭಾಗಗಳ ಜೊತೆ ಮಾತಾಡೋಕೆ ಕರ್ನಲ್ ಒಳಗೆ ಇರೋ ತುಣುಕು ಪ್ರೋಗ್ರಾಮ್‌ಗಳಿಗೆ ಡ್ರೈವರ್ ಅಂತಾರೆ. ಮಾಮೂಲಿ ಆ್ಯಪ್‌ನಲ್ಲಿ ತಪ್ಪಿದ್ದರೆ ಆ ಆ್ಯಪ್ ಬಿದ್ದು ಹೋಗುತ್ತೆ, ಮತ್ತೆ ಓಪನ್ ಮಾಡ್ತೀವಿ. ಡ್ರೈವರ್‌ನಲ್ಲಿ ತಪ್ಪಿದ್ದರೆ ಹಾಗಲ್ಲ. ಅದು ಓಡೋದೇ ಕರ್ನಲ್‌ನ ಅಧಿಕಾರದಲ್ಲಿ. ಅಲ್ಲಿ ಒಂದು ಸಣ್ಣ ಸಂದು ಸಿಕ್ಕಿದರೂ ಒಳಗೆ ನುಗ್ಗಿದವನಿಗೆ ಎಲ್ಲ ಬೀಗದ ಕೈಗಳೂ ಸಿಕ್ಕಂತೆ.

ಡ್ರೈವರ್‌ಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳೋ ಒಂದು ಜಾತಿಯ ತಪ್ಪಿಗೆ ರೇಸ್ ಕಂಡಿಷನ್ ಅಂತ ಹೆಸರು. ಇದನ್ನು ವಿವರಿಸೋಕೆ ನಾನು ಈ ಹಳೇ ಬಗ್ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇದರ ತಪ್ಪು ಎಷ್ಟು ಸರಳವೋ, ಇದನ್ನು ಸರಿ ಮಾಡಿದ ರೀತಿ ಅಷ್ಟೇ ಸ್ವಚ್ಛ.

ಲಾಡ್ಜ್, ರಿಜಿಸ್ಟರ್ ಮತ್ತು ಒಂದು ಚೀಟಿ

ಮೊದಲು ಕಂಪ್ಯೂಟರ್ ಬಿಟ್ಟು ಬಸ್ ಸ್ಟ್ಯಾಂಡ್ ಪಕ್ಕದ ಒಂದು ಲಾಡ್ಜ್ ಕಲ್ಪಿಸಿಕೊಳ್ಳಿ. ಕೌಂಟರ್ ಹಿಂದೆ ಬೀಗ ಹಾಕಿದ ಒಂದು ಬೀರು, ಅದರಲ್ಲಿ ರಿಜಿಸ್ಟರ್. ಯಾವ ರೂಮ್ ಖಾಲಿ ಅನ್ನೋ ಪಟ್ಟಿ ಅದರಲ್ಲಿದೆ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ರಿಜಿಸ್ಟರ್ ಮುಟ್ಟಬೇಕಾದರೆ ಬೀಗ ತೆಗೀಬೇಕು, ಬೀಗದ ಕೈ ಒಂದೇ ಇರೋದು. ಹಾಗಾಗಿ ಇಬ್ಬರೂ ಒಟ್ಟಿಗೆ ಬರೆದು ಗೊಂದಲ ಮಾಡೋ ಪ್ರಶ್ನೆಯೇ ಇಲ್ಲ. ಇಲ್ಲಿವರೆಗೆ ಎಲ್ಲ ಸರಿ.

ಆದರೆ ಕೆಲವು ರೂಮ್‌ಗಳ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ನೀರು ಬರ್ತಿಲ್ಲ, ಆಮೇಲೆ ಕ್ಲೀನ್ ಮಾಡೋಣ ಅಂತ ಒಂದು ಚೀಟಿಯಲ್ಲಿ "12ನೇ ರೂಮ್" ಅಂತ ಬರೆದು ಕೌಂಟರ್ ಮೇಲೆ ಇಡ್ತಾರೆ. ಚೀಟಿ ಇರೋದು ಬೀರುವಿನ ಹೊರಗೆ. ಅದಕ್ಕೆ ಬೀಗ ಇಲ್ಲ.

ಈಗ ಮೊದಲ ಹುಡುಗ ಚೀಟಿ ನೋಡಿ 12ನೇ ರೂಮ್ ಕ್ಲೀನ್ ಮಾಡೋಕೆ ಮೇಲೆ ಹೋದ. ಚೀಟಿ ಕೌಂಟರ್ ಮೇಲೇ ಇದೆ. ಅಷ್ಟರಲ್ಲಿ ಓನರ್ ಫೋನ್ ಮಾಡಿ "ಬಾಕಿ ಇರೋದೆಲ್ಲ ಬಿಡಿ, ಎಲ್ಲಾ ರೂಮ್ ಖಾಲಿ ಅಂತ ಬರ್ಕೊಳ್ಳಿ" ಅಂದರು. ಎರಡನೇ ಹುಡುಗ ಚೀಟಿ ನೋಡಿದ, ರಿಜಿಸ್ಟರ್ ತೆಗೆದು "12 ಖಾಲಿ" ಅಂತ ಬರೆದ, ಚೀಟಿ ಹರಿದು ಹಾಕಿದ. ಸ್ವಲ್ಪ ಹೊತ್ತಿಗೆ ಮೊದಲನೆಯವನು ಕೆಳಗೆ ಬಂದ. ಅವನ ತಲೆಯಲ್ಲಿ ಇನ್ನೂ 12 ಇದೆ. ಅವನೂ ಬೀಗ ತೆಗೆದು, ನಿಯತ್ತಾಗಿ "12 ಖಾಲಿ" ಅಂತ ಬರೆದ.

ಇಬ್ಬರದೂ ತಪ್ಪಿಲ್ಲ. ಇಬ್ಬರೂ ಬೀಗದ ನಿಯಮ ಪಾಲಿಸಿದ್ದಾರೆ. ಆದರೆ ರಿಜಿಸ್ಟರ್‌ನಲ್ಲಿ ಒಂದೇ ರೂಮ್ ಎರಡು ಸಲ ಖಾಲಿ. ರಾತ್ರಿ ಎರಡು ಕುಟುಂಬ ಬಂದರೆ ಇಬ್ಬರ ಕೈಗೂ ಅದೇ ರೂಮಿನ ಕೀ ಹೋಗುತ್ತೆ. ಇದೇ ರೇಸ್ ಕಂಡಿಷನ್. ಇಬ್ಬರು ಒಂದೇ ವಸ್ತುವನ್ನು ಒಂದೇ ಹೊತ್ತಲ್ಲಿ ಮುಟ್ಟಿದಾಗ, ಯಾರು ಮೊದಲು ಯಾರು ಆಮೇಲೆ ಅನ್ನೋದರ ಮೇಲೆ ಫಲಿತಾಂಶ ಬದಲಾಗೋದು. ಮೊದಲ ಹುಡುಗ ಐದು ನಿಮಿಷ ಬೇಗ ಕೆಳಗೆ ಬಂದಿದ್ದರೆ ಏನೂ ಆಗ್ತಿರಲಿಲ್ಲ. ಅದಕ್ಕೇ ಈ ತಪ್ಪು ದಿನಾ ಕಾಣಿಸಲ್ಲ.

ಡ್ರೈವರ್ ಒಳಗೆ ಆಗಿದ್ದೇನು?

ಈಗ ಲಿನಕ್ಸ್‌ಗೆ ಬರೋಣ. ಈ ಡ್ರೈವರ್‌ನ ಹೆಸರು ಎನ್_ಎಚ್‌ಡಿಎಲ್‌ಸಿ. ಎಚ್‌ಡಿಎಲ್‌ಸಿ ಅನ್ನೋದು ಸೀರಿಯಲ್ ಲೈನ್‌ಗಳ ಮೇಲೆ ಡೇಟಾ ಕಳಿಸೋ ಒಂದು ಹಳೇ ಪದ್ಧತಿ. ಪ್ರೋಗ್ರಾಮ್ ಕೊಟ್ಟ ಡೇಟಾವನ್ನು ಈ ಡ್ರೈವರ್ ಬಫರ್ ಅನ್ನೋ ಮೆಮೊರಿ ಡಬ್ಬಿಗಳಲ್ಲಿ ತುಂಬಿಟ್ಟುಕೊಳ್ಳುತ್ತೆ. ಕಳಿಸೋ ಕೆಲಸಕ್ಕೆ ಅದರ ಹತ್ತಿರ ಎರಡು ಪಟ್ಟಿ ಇವೆ. ಒಂದು, ಕಳಿಸಬೇಕಾದ ಬಫರ್‌ಗಳದ್ದು. ಇನ್ನೊಂದು, ಖಾಲಿ ಬಫರ್‌ಗಳದ್ದು. ಎರಡು ಪಟ್ಟಿಗೂ ಒಂದೊಂದು ಲಾಕ್ ಇದೆ.

ಕಳಿಸೋ ಕೆಲಸ ಹೇಗೆ ನಡೆಯುತ್ತೆ ಅಂದ್ರೆ, ಮೊದಲ ಪಟ್ಟಿಯಿಂದ ಒಂದು ಬಫರ್ ತೆಗೀತಾರೆ, ಡಿವೈಸ್‌ಗೆ ಕೊಡ್ತಾರೆ. ಹೋಯ್ತಾ? ಬಫರ್ ಖಾಲಿ ಪಟ್ಟಿಗೆ. ಡಿವೈಸ್ "ಈಗ ಆಗಲ್ಲ" ಅಂದರೆ? ಆಗ ಆ ಬಫರ್‌ನ ವಿಳಾಸವನ್ನು ಟಿಬಫ್ ಅನ್ನೋ ಒಂದು ಜಾಗದಲ್ಲಿ ಬರೆದಿಟ್ಟು, ಮುಂದಿನ ಸಲ ಮೊದಲು ಅದನ್ನೇ ಕಳಿಸೋಕೆ ನೋಡ್ತಾರೆ. ನಮ್ಮ ಲಾಡ್ಜ್‌ನ ಚೀಟಿ ಅಂದ್ರೆ ಇದೇ ಟಿಬಫ್.

ಬಹಳ ದಿನ ಆ ಚೀಟಿಯಿಂದ ತೊಂದರೆ ಆಗಲಿಲ್ಲ, ಯಾಕಂದ್ರೆ ಅದನ್ನು ಮುಟ್ಟೋ ಕೆಲಸ ಕಳಿಸೋ ಭಾಗದ್ದು ಮಾತ್ರ. 2009ರ ಜೂನ್‌ನಲ್ಲಿ ಒಂದು ಹೊಸ ಸೌಲಭ್ಯ ಸೇರಿತು: ಫ್ಲಷ್. ಕಳಿಸೋಕೆ ಬಾಕಿ ಇರೋ ಡೇಟಾವನ್ನೆಲ್ಲ ಬೇಡ ಅಂತ ತೊಳೆದು ಹಾಕೋದು. ಬೇಕಾಗಿದ್ದ ಸೌಲಭ್ಯವೇ. ಆದರೆ ಫ್ಲಷ್ ಮಾಡೋವಾಗ ಟಿಬಫ್‌ನಲ್ಲಿ ಇರೋ ಬಫರ್ ಕೂಡ ಖಾಲಿ ಪಟ್ಟಿಗೆ ಹಾಕಬೇಕಲ್ಲ? ಹಾಕಿದರು. ಅಲ್ಲಿಂದ ಆ ಚೀಟಿಗೆ ಇಬ್ಬರು ಯಜಮಾನರಾದರು. ಇಬ್ಬರಿಗೂ ಸಾಮಾನ್ಯವಾದ ಒಂದು ಲಾಕ್ ಮಾತ್ರ ಇರಲಿಲ್ಲ.

ಇವತ್ತಿನ ಪ್ರೊಸೆಸರ್‌ಗಳಲ್ಲಿ ಹಲವು ಕೋರ್ ಇರುತ್ತೆ. ಒಂದು ಕೋರ್‌ನಲ್ಲಿ ಕಳಿಸೋ ಕೆಲಸ, ಇನ್ನೊಂದರಲ್ಲಿ ಫ್ಲಷ್, ಎರಡೂ ನಿಜವಾಗಿ ಒಂದೇ ಕ್ಷಣದಲ್ಲಿ ಓಡಬಹುದು. ಇಬ್ಬರೂ ಟಿಬಫ್ ಓದಿದರು, ಇಬ್ಬರೂ ಅದೇ ಬಫರ್‌ನ್ನು ಖಾಲಿ ಪಟ್ಟಿಗೆ ಸೇರಿಸಿದರು. ಕೊನೆಗೆ ಟರ್ಮಿನಲ್ ಮುಚ್ಚಿದಾಗ ಡ್ರೈವರ್ ಪಟ್ಟಿಯಲ್ಲಿರೋ ಬಫರ್‌ಗಳನ್ನೆಲ್ಲ ಕರ್ನಲ್‌ಗೆ ವಾಪಸ್ ಕೊಡುತ್ತೆ. ಅದೇ ಬಫರ್ ಎರಡು ಸಲ ವಾಪಸ್. ಇದಕ್ಕೆ ಡಬಲ್ ಫ್ರೀ ಅಂತಾರೆ.

ಇದರಲ್ಲಿ ಅಪಾಯ ಎಲ್ಲಿದೆ? ಎರಡು ಸಲ ವಾಪಸ್ ಬಂದ ಮೆಮೊರಿಯನ್ನು ಕರ್ನಲ್ ಇಬ್ಬರಿಗೆ ಕೊಟ್ಟುಬಿಡಬಹುದು. ಆ ಇಬ್ಬರಲ್ಲಿ ಒಬ್ಬ ದಾಳಿಕೋರ ಆಗಿದ್ದು, ಇನ್ನೊಬ್ಬ ಕರ್ನಲ್‌ನದ್ದೇ ಮುಖ್ಯವಾದ ಒಂದು ಭಾಗ ಆಗಿದ್ದರೆ, ದಾಳಿಕೋರ ತನ್ನ ರೂಮಿನಲ್ಲಿ ಕೂತು ಕರ್ನಲ್‌ನ ಸಾಮಾನು ಬದಲಾಯಿಸ್ತಾನೆ. ಕರ್ನಲ್ ಅದನ್ನು ತನ್ನದೇ ಅಂತ ನಂಬಿ ಅದರಂತೆ ನಡೆಯುತ್ತೆ.

"ನನ್ನ ಕಂಪ್ಯೂಟರ್‌ನಲ್ಲಿ ಆ ಹಳೇ ಸೀರಿಯಲ್ ಕಾರ್ಡೇ ಇಲ್ಲವಲ್ಲ" ಅನ್ನೋರಿಗೂ ಬಿಡುಗಡೆ ಇರಲಿಲ್ಲ. ಮಾಮೂಲಿ ಬಳಕೆದಾರ ಒಂದು ಹುಸಿ ಟರ್ಮಿನಲ್ ತೆರೆದು, ಅದಕ್ಕೆ ಈ ಪದ್ಧತಿ ಬೇಕು ಅಂತ ಕೇಳಿದರೆ ಸಾಕು, ಕರ್ನಲ್ ಈ ಡ್ರೈವರ್‌ನ್ನು ತಾನಾಗೇ ಲೋಡ್ ಮಾಡ್ತಿತ್ತು. ಒಂದೇ ಸರ್ವರ್‌ನಲ್ಲಿ ನೂರಾರು ಜನಕ್ಕೆ ಲಾಗಿನ್ ಕೊಟ್ಟಿರೋ ಕಾಲೇಜು ಲ್ಯಾಬ್ ನೆನಸ್ಕೊಳ್ಳಿ. ಅಲ್ಲಿ ಒಬ್ಬನಿಗೆ ಕೆಟ್ಟ ಬುದ್ಧಿ ಬಂದರೆ ಉಳಿದವರೆಲ್ಲರ ಫೈಲ್ ಅವನ ಕೈಯಲ್ಲಿ.

ಎಂಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ?

ಲಿನಕ್ಸ್ ಕೋಡ್ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಓದಬಹುದು. ಆದರೂ ಕಾಣಲಿಲ್ಲ. ರೇಸ್ ಕಂಡಿಷನ್‌ನ ಸ್ವಭಾವವೇ ಹಾಗೆ. ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಓದಿದರೆ ಎರಡೂ ಸರಿಯಾಗೇ ಕಾಣುತ್ತೆ. ತಪ್ಪು ಇರೋದು ಯಾವ ಸಾಲಿನಲ್ಲೂ ಅಲ್ಲ, ಎರಡು ಸಾಲುಗಳ ನಡುವಿನ ಸಮಯದಲ್ಲಿ. ಟೆಸ್ಟ್ ಮಾಡಿದರೆ ಸಾವಿರ ಸಲ ಪಾಸ್ ಆಗುತ್ತೆ. ಏನಾಗ್ತಿದೆ ನೋಡೋಣ ಅಂತ ನಡುವೆ ಒಂದು ಪ್ರಿಂಟ್ ಸಾಲು ಹಾಕಿದರೆ ವೇಗ ಬದಲಾಗಿ ಬಗ್ಗೇ ಮಾಯ!

ಹಾಗಂತ ಅಪರೂಪ ಅನ್ನೋದು ರಕ್ಷಣೆ ಅಲ್ಲ. ನಮ್ಮ ನಿಮ್ಮ ಬಳಕೆಯಲ್ಲಿ ವರ್ಷಕ್ಕೊಮ್ಮೆಯೂ ಆಗದೇ ಇರೋದನ್ನ ದಾಳಿಕೋರ ಒಂದು ಲೂಪ್ ಬರೆದು ಮತ್ತೆ ಮತ್ತೆ ಪ್ರಯತ್ನಿಸ್ತಾನೆ. ಲಕ್ಷ ಸಲದಲ್ಲಿ ಅವನಿಗೆ ಒಂದು ಸಲ ಗೆದ್ದರೆ ಸಾಕು.

ಇದನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಪೊಪೊವ್, ರಷ್ಯಾದ ಭದ್ರತಾ ಸಂಶೋಧಕರು. ಅವರಿಗೆ ಸುಳಿವು ಕೊಟ್ಟಿದ್ದು ಸಿಝ್‌ಕಾಲರ್ ಅನ್ನೋ ಸಾಧನ. ಗೂಗಲ್‌ನಲ್ಲಿ ಹುಟ್ಟಿದ ಈ ಸಾಧನ ಕರ್ನಲ್‌ಗೆ ಅಡ್ಡಾದಿಡ್ಡಿ ಕೋರಿಕೆಗಳನ್ನು ಹಗಲೂ ರಾತ್ರಿ ಕಳಿಸ್ತಾ, ಎಲ್ಲಿ ಬೀಳುತ್ತೆ ಅಂತ ಕಾಯುತ್ತೆ. ಮನುಷ್ಯರು ಯಾವತ್ತೂ ಮಾಡದ ಜೋಡಣೆಗಳನ್ನ ಮಷೀನ್ ಬೇಜಾರಿಲ್ಲದೆ ಮಾಡುತ್ತೆ. ಹೀಗೆ ಒಂದು ದಿನ ಕರ್ನಲ್ ಅನುಮಾನ ಬರೋ ರೀತಿಯಲ್ಲಿ ಕ್ರ್ಯಾಶ್ ಆಯ್ತು. ಪೊಪೊವ್ ಅದನ್ನು "ಏನೋ ಒಂದು ಕ್ರ್ಯಾಶ್" ಅಂತ ಬಿಡಲಿಲ್ಲ. ಬೆನ್ನು ಹತ್ತಿ ಟಿಬಫ್‌ವರೆಗೆ ಹೋದರು. ಫೆಬ್ರವರಿ 2017ರ ಕೊನೆಯಲ್ಲಿ ಕರ್ನಲ್‌ನ ಭದ್ರತಾ ತಂಡಕ್ಕೆ ಗುಟ್ಟಾಗಿ ತಿಳಿಸಿದರು. ದೂರು ಮಾತ್ರ ಕೊಟ್ಟು ಕೂರಲಿಲ್ಲ, ಸರಿ ಮಾಡೋ ಪ್ಯಾಚನ್ನೂ ಬರೆದು ಕಳಿಸಿದರು. ಮಾರ್ಚ್ 7ರಂದು ವಿಷಯ ಎಲ್ಲರಿಗೂ ಬಹಿರಂಗ ಆಯ್ತು.

ಬೀಗ ಸೇರಿಸಲಿಲ್ಲ, ಚೀಟಿಯನ್ನೇ ತೆಗೆದರು

ಈಗ ನನಗೆ ತುಂಬಾ ಇಷ್ಟವಾದ ಭಾಗ. ರೇಸ್ ಕಂಡಿಷನ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಉತ್ತರ, "ಒಂದು ಲಾಕ್ ಹಾಕಿ." ಇಲ್ಲೂ ಹಾಕಬಹುದಿತ್ತು. ಚೀಟಿ ಮುಟ್ಟೋ ಮುಂಚೆ ಲಾಕ್ ಹಿಡಿ, ಮುಗಿದ ಮೇಲೆ ಬಿಡು.

ಆದರೆ ಲಾಕ್‌ಗೆ ತನ್ನದೇ ಖರ್ಚಿದೆ. ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಅನ್ನೋ ಬೀಗ ಬಳಸ್ತಾರೆ. ಅದಕ್ಕಾಗಿ ಕಾಯೋ ಕೋರ್ ಬೇರೆ ಕೆಲಸಕ್ಕೆ ಹೋಗಲ್ಲ, ಬಾಗಿಲ ಮುಂದೆ ನಿಂತು "ಆಯ್ತಾ, ಆಯ್ತಾ" ಅಂತ ಕೇಳ್ತಾನೇ ಇರುತ್ತೆ. ಆ ಬೀಗ ಹಿಡಿದುಕೊಂಡು ನಿಧಾನದ ಕೆಲಸ ಮಾಡಬಾರದು, ನಿದ್ದೆಗೆ ಹೋಗಲೇಬಾರದು. ಡಿವೈಸ್‌ಗೆ ಡೇಟಾ ಕೊಡೋ ಅಷ್ಟೂ ಹೊತ್ತು ಬೀಗ ಹಿಡಿದಿಡೋದು ಒಳ್ಳೇ ಅಭ್ಯಾಸ ಅಲ್ಲ. ಕೊಟ್ಟ ಮೇಲೆ ಹಿಡೀತೀನಿ ಅಂದರೆ ಮತ್ತೆ ಅದೇ ಸಂದು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಲಾಕ್ ಅನ್ನೋದು ಒಂದು ಮಾತು ಕೊಟ್ಟ ಹಾಗೆ. ಮುಂದೆ ಆ ಕೋಡ್ ಮುಟ್ಟೋ ಪ್ರತಿಯೊಬ್ಬರೂ ಆ ಮಾತು ನೆನಪಿಡಬೇಕು. ಇನ್ನೈದು ವರ್ಷಕ್ಕೆ ಯಾರೋ ಒಬ್ಬರು ಒಳ್ಳೇ ಉದ್ದೇಶದಿಂದಲೇ ಹೊಸ ಸೌಲಭ್ಯ ಸೇರಿಸ್ತಾರೆ, ಮಾತು ಮರೆತಿರುತ್ತೆ. 2009ರಲ್ಲಿ ಆಗಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ?

ಪೊಪೊವ್ ಅವರ ಪ್ಯಾಚ್ ಬೇರೆ ದಾರಿ ಹಿಡಿಯಿತು. ಅದು ಟಿಬಫ್‌ನ್ನೇ ಕಿತ್ತು ಹಾಕಿತು. ಚೀಟಿಯೇ ಬೇಡ. ಡಿವೈಸ್ "ಈಗ ಆಗಲ್ಲ" ಅಂದರೆ ಬಫರ್‌ನ್ನು ಬಂದ ಪಟ್ಟಿಗೇ, ಸಾಲಿನ ಮುಂದೆಯೇ ವಾಪಸ್ ಇಡು. ಆ ಪಟ್ಟಿಗೆ ಲಾಕ್ ಮೊದಲಿಂದಲೂ ಇದೆ. ಮುಂದಿನ ಸಲ ತಾನಾಗೇ ಮೊದಲು ಅದೇ ಸಿಗುತ್ತೆ. ಜೊತೆಗೆ, ಈ ಡ್ರೈವರ್ ತನಗಾಗಿ ಕೈಯಾರೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಟ್ಟು, ಕರ್ನಲ್‌ನ ಉಳಿದ ಭಾಗಗಳೆಲ್ಲ ಬಳಸೋ ಪಳಗಿದ ಪಟ್ಟಿಯನ್ನೇ ತಂದರು.

ಇದರಿಂದ ಏನಾಯ್ತು ನೋಡಿ. ಈಗ ಒಂದು ಬಫರ್ ಯಾವುದೇ ಕ್ಷಣದಲ್ಲಿ ಮೂರೇ ಜಾಗದಲ್ಲಿ ಇರಬಹುದು. ಕಳಿಸೋ ಪಟ್ಟಿಯಲ್ಲಿ, ಖಾಲಿ ಪಟ್ಟಿಯಲ್ಲಿ, ಇಲ್ಲಾ ಕಳಿಸ್ತಿರೋನ ಕೈಯಲ್ಲಿ. ಎರಡು ಜಾಗದಲ್ಲಿ ಒಟ್ಟಿಗೆ ಇರೋಕೆ ಸಾಧ್ಯವೇ ಇಲ್ಲ. ಫ್ಲಷ್ ಬಂದರೆ ಪಟ್ಟಿಯಲ್ಲಿ ಇರೋದನ್ನ ಮಾತ್ರ ತೆಗೆದುಕೊಂಡು ಹೋಗುತ್ತೆ. ಇನ್ನೊಬ್ಬನ ಕೈಯಲ್ಲಿ ಇರೋದು ಅದಕ್ಕೆ ಕಾಣೋದೇ ಇಲ್ಲ. ಇದರ ಹೊಣೆ ಯಾರದ್ದು ಅನ್ನೋ ಪ್ರಶ್ನೆಗೆ ಯಾವಾಗಲೂ ಒಂದೇ ಉತ್ತರ.

ನೀವು ಕೋಡಿಂಗ್ ಕಲೀತಿದ್ದರೆ ಇವತ್ತಿನ ಸಂಚಿಕೆಯಿಂದ ಇದೊಂದನ್ನ ಇಟ್ಟುಕೊಳ್ಳಿ. ಇಬ್ಬರು ಒಂದೇ ವಸ್ತು ಮುಟ್ಟಿ ಗಲಾಟೆ ಆಗ್ತಿದ್ದರೆ, ಎಲ್ಲಿ ಬೀಗ ಹಾಕಲಿ ಅಂತ ಕೇಳೋ ಮುಂಚೆ, ಇದನ್ನು ಇಬ್ಬರು ಮುಟ್ಟೋ ಅಗತ್ಯ ಇದೆಯಾ ಅಂತ ಕೇಳಿ. ಡ್ರೈವರ್‌ಗೆ ಮಾತ್ರ ಅಲ್ಲ, ನಾಳೆ ನೀವು ಬರೆಯೋ ಫುಡ್ ಆರ್ಡರ್ ಆ್ಯಪ್‌ಗೂ, ಟಿಕೆಟ್ ಬುಕಿಂಗ್‌ಗೂ ಇದೇ ಪ್ರಶ್ನೆ.

ಪ್ಯಾಚ್ ಬರೆದರೆ ಅರ್ಧ ಕೆಲಸ

ಕರ್ನಲ್‌ನಲ್ಲಿ ಪ್ಯಾಚ್ ಸೇರಿತು ಅಂದ ಮಾತ್ರಕ್ಕೆ ನಿಮ್ಮ ಮಷೀನ್ ಸರಿಹೋಯ್ತು ಅಂತ ಅಲ್ಲ. ಮೂಲ ಲಿನಕ್ಸ್‌ನಿಂದ ರೆಡ್ ಹ್ಯಾಟ್, ಉಬುಂಟು ಥರದವರು ಅದನ್ನು ತಗೊಂಡು ತಮ್ಮ ಹಳೇ ಹಳೇ ಆವೃತ್ತಿಗಳಿಗೆ ಹೊಂದಿಸಬೇಕು, ಟೆಸ್ಟ್ ಮಾಡಬೇಕು, ಅಪ್‌ಡೇಟ್ ಕಳಿಸಬೇಕು. ಅಲ್ಲಿವರೆಗೆ ಸರ್ವರ್ ನೋಡಿಕೊಳ್ಳೋರಿಗೆ ಒಂದು ತಾತ್ಕಾಲಿಕ ಉಪಾಯ ಇತ್ತು. ಈ ಡ್ರೈವರ್ ತಾನಾಗೇ ಲೋಡ್ ಆಗದ ಹಾಗೆ ತಡೆ ಹಾಕೋದು. ಬಹುಪಾಲು ಜನಕ್ಕೆ ಅದು ಬೇಕೇ ಇರಲಿಲ್ಲವಲ್ಲ! ಬಳಸದ ಬಾಗಿಲನ್ನು ಮುಚ್ಚಿಡೋದು ಯಾವತ್ತಿದ್ದರೂ ಒಳ್ಳೇದು.

ಫೋನ್ ಲೋಕದಲ್ಲಿ ಈ ದಾರಿ ಇನ್ನೂ ಉದ್ದ. ಅದಕ್ಕೆ ಒಂದು ಉದಾಹರಣೆ ಬೈಂಡರ್. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳು ಮತ್ತು ಸಿಸ್ಟಮ್ ಸೇವೆಗಳು ಒಂದರ ಜೊತೆ ಒಂದು ಮಾತಾಡೋದು ಈ ಡ್ರೈವರ್ ಮೂಲಕ. ಅದರಲ್ಲಿ ಸಿವಿಇ-2019-2215 ಅನ್ನೋ ತಪ್ಪು ಸಿಕ್ಕಿತು. ಇದು ಇವತ್ತು ನಾವು ನೋಡಿದ ಥರದ ರೇಸ್ ಅಲ್ಲ, ಅದರ ಹತ್ತಿರದ ಸಂಬಂಧಿ. ವಾಪಸ್ ಕೊಟ್ಟ ಮೆಮೊರಿಯನ್ನ ಆಮೇಲೂ ಬಳಸೋದು. ರೂಮ್ ಖಾಲಿ ಮಾಡಿದ ಮೇಲೂ ಹಳೇ ಕೀ ಇಟ್ಟುಕೊಂಡು ಒಳಗೆ ಹೋದ ಹಾಗೆ. ಸಿಝ್‌ಕಾಲರ್ ಇದನ್ನೂ 2017ರ ಕೊನೆಗೇ ಹಿಡಿದಿತ್ತು. 2018ರ ಫೆಬ್ರವರಿಯಲ್ಲಿ ಮೂಲ ಕರ್ನಲ್‌ನಲ್ಲಿ ಸರಿಯೂ ಆಗಿತ್ತು. ಆದರೆ ಭದ್ರತಾ ತಪ್ಪು ಅಂತ ಅದಕ್ಕೆ ಆಗ ನಂಬರ್ ಸಿಗಲಿಲ್ಲ, ಆಂಡ್ರಾಯ್ಡ್‌ನ ತಿಂಗಳ ಭದ್ರತಾ ಪಟ್ಟಿಗೆ ಸೇರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಮ್ಯಾಡಿ ಸ್ಟೋನ್ ನೋಡಿದಾಗ, ಗೂಗಲ್‌ನದ್ದೇ ಪಿಕ್ಸೆಲ್ 2 ಸೇರಿ ಎಷ್ಟೋ ಫೋನ್‌ಗಳಲ್ಲಿ ಆ ತಪ್ಪು ಹಾಗೇ ಇತ್ತು. ಅಷ್ಟು ಹೊತ್ತಿಗೆ ಅದನ್ನು ಬಳಸಿ ದಾಳಿ ನಡೀತಿದೆ ಅನ್ನೋ ಸುಳಿವೂ ಸಿಕ್ಕಿತ್ತು. ಅಕ್ಟೋಬರ್ 2019ರ ಅಪ್‌ಡೇಟ್‌ನಲ್ಲಿ ಪಿಕ್ಸೆಲ್‌ಗಳಿಗೆ ಪರಿಹಾರ ಬಂತು.

ಔಷಧಿ ತಯಾರಾಗಿ ಒಂದೂವರೆ ವರ್ಷ ಆದ ಮೇಲೂ ರೋಗಿಗೆ ತಲುಪಿರಲಿಲ್ಲ. ಬಗ್ ಸರಿಹೋಯ್ತು ಅನ್ನೋ ಮಾತು ನಿಜ ಆಗೋದು ಅದು ನಿಮ್ಮ ಜೇಬಿನಲ್ಲಿರೋ ಫೋನಿಗೆ ಬಂದಾಗ.

ಆ ಕೊನೇ ಹೆಜ್ಜೆ ಮಾತ್ರ ನಮ್ಮದೇ. ಈ ಎಪಿಸೋಡ್ ಕೇಳ್ತಿರೋ ಫೋನ್‌ನಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆಗೀರಿ. ಸೆಕ್ಯುರಿಟಿ ಪ್ಯಾಚ್ ಅಥವಾ ಸೆಕ್ಯುರಿಟಿ ಅಪ್‌ಡೇಟ್ ಅಂತ ಹುಡುಕಿದರೆ ಒಂದು ತಾರೀಖು ಕಾಣುತ್ತೆ. ನಿಮ್ಮ ಫೋನ್‌ಗೆ ಯಾವ ದಿನದವರೆಗಿನ ಪರಿಹಾರಗಳು ಸೇರಿವೆ ಅನ್ನೋದನ್ನ ಹೇಳೋ ತಾರೀಖು ಅದು. ಅಪ್‌ಡೇಟ್ ಬಂದು ಕೂತಿದ್ದು, "ಈಗ ರೀಸ್ಟಾರ್ಟ್ ಮಾಡಲಾ?" ಅಂತ ಕೇಳ್ತಿದ್ದರೆ "ಆಮೇಲೆ" ಅಂತ ಒತ್ತಬೇಡಿ. ಓಡ್ತಿರೋ ಕರ್ನಲ್ ಬದಲಾಗಬೇಕಾದರೆ ಫೋನ್ ರೀಸ್ಟಾರ್ಟ್ ಆಗಲೇಬೇಕು. ತಾರೀಖು ಒಂದೆರಡು ವರ್ಷ ಹಳೇದಾಗಿದ್ದು, ಹೊಸ ಅಪ್‌ಡೇಟೂ ಬರ್ತಿಲ್ಲ ಅಂದರೆ, ಆ ಫೋನ್‌ನಲ್ಲಿ ಬ್ಯಾಂಕ್ ಕೆಲಸ ಇಟ್ಟುಕೊಳ್ಳಬೇಕಾ ಅಂತ ಒಮ್ಮೆ ಯೋಚನೆ ಮಾಡಿ. ಮನೆಯಲ್ಲಿ ಅಮ್ಮ, ಅಜ್ಜನ ಫೋನ್ ಇದ್ದರೆ ಅದನ್ನೂ ನೋಡಿಬಿಡಿ. ಅವರು ಕೇಳಲ್ಲ, ನಾವೇ ನೋಡಬೇಕು.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆಗಳಿದ್ದರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ತಗೊಳ್ಳೋಣ.